ಏಚ್ ಎನ್ನುವವರು, ಹೇಚ್ ಎನ್ನುವವರು

ಬೆಲ್‌ಫಾಸ್ಟ್ ನಗರದಲ್ಲಿ ಒಬ್ಬ ಮನುಷ್ಯ ಯಾವ ಕಡೆಯವನೆಂದು ತಿಳಿಯಲು ಅವನ ಹೆಸರು, ವಿಳಾಸ ಕೇಳಬೇಕಾಗಿಲ್ಲ. ಇಂಗ್ಲಿಷ್ ವರ್ಣಮಾಲೆಯ ಎಂಟನೆಯ ಅಕ್ಷರವನ್ನು ಅವನ ಬಾಯಲ್ಲಿ ಹೇಳಿಸಿದರೆ ಸಾಕು ಎಂಬ ಮಾತಿದೆ. 'ಏಚ್' ಎಂದರೆ ಪ್ರಾಟೆಸ್ಟೆಂಟ್, 'ಹೇಚ್' ಎಂದರೆ ಕ್ಯಾಥೊಲಿಕ್. ಹೈಡ್ರೋಜನ್ನಿನ ಚಿಹ್ನೆಯೆಂದು ಮೂವತ್ತು ವರ್ಷ ಈ ಅಕ್ಷರವನ್ನು ಕಪ್ಪು ಹಲಗೆಯ ಮೇಲೆ ಬರೆದ ನನಗೆ ಅದರಲ್ಲಿ ಇಷ್ಟೊಂದು ಸ್ಫೋಟಕ ಶಕ್ತಿ ಇದೆಯೆಂದು ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಬೋರ್ಡಿನ ಮೇಲೆ ಎಚ್.ಡಿ. ಕೋಟೆ, ಇನ್ನೊಂದರ ಮೇಲೆ ಹೆಚ್.ಡಿ. ಕೋಟೆ ಎಂದಿರುತ್ತದೆ, ಎರಡನ್ನು ನಂಬಿ ಹೊರಟರೂ ಊರು ಸೇರುತ್ತೇವೆ. ಅಲ್ಲಿ ಗಲಭೆಯ ವರ್ಷಗಳಲ್ಲಿ, ಕತ್ತಲ ಬೀದಿಯಲ್ಲಿ ಅಪರಿಚಿತರು ಈ ಅಕ್ಷರ ಕೇಳಿದರೆ ಎದೆ ನಡುಗುತ್ತಿತ್ತಂತೆ.

ನಾನು ಮತ್ತು ನನ್ನ ಮನೆಯವರು 2024ರ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದೆವು. ಮಗಳು, ಅಳಿಯ ಇಬ್ಬರೂ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ನಾಲ್ಕು ವರ್ಷದ ಮೊಮ್ಮಗಳು ಆ ಸೆಪ್ಟೆಂಬರಿನಲ್ಲಿ ಶಾಲೆಗೆ ಸೇರಬೇಕಿತ್ತು. ಆ ನಾಡಿನಲ್ಲಿ ನಾಲ್ಕು ತುಂಬಿದ ಮಗು ಶಾಲೆಗೆ ಹೋಗಲೇಬೇಕು. ಅರ್ಜಿ ಹಾಕಿ ಉತ್ತರ ಕಾಯುತ್ತಿದ್ದರು. ಹತ್ತಿರದ ಶಾಲೆಗೆ ಸೇರಿಸಿದರಾಯಿತು, ಅದಕ್ಕೇಕೆ ಇಷ್ಟು ಯೋಚನೆ ಎಂದೆ. ಮಗಳು ನಕ್ಕಳು. "ಹತ್ತಿರದಲ್ಲಿ ಎರಡಿವೆ ಅಪ್ಪಾ. ಯಾವುದಕ್ಕೆ ಸೇರಿಸಿದರೂ ನಾವು ಒಂದು ಕಡೆಯವರಾಗಿಬಿಡುತ್ತೇವೆ. ನೀವು ಮೊದಲು ಊರು ನೋಡಿಕೊಂಡು ಬನ್ನಿ, ಆಮೇಲೆ ಹೇಳಿ" ಎಂದಳು.

ಹಾಗಾಗಿ ಊರು ನೋಡಲು ಹೊರಟೆ.

ಬೆಲ್‌ಫಾಸ್ಟಿನ ಕರಿ ಟ್ಯಾಕ್ಸಿಗಳು ಪ್ರಸಿದ್ಧ. 1970ರ ದಶಕದಲ್ಲಿ ಬಸ್ಸುಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಸುಡುತ್ತಿದ್ದರು. ಬಸ್ ಸಂಚಾರ ಕೆಟ್ಟಾಗ ಕ್ಯಾಥೊಲಿಕರ ಫಾಲ್ಸ್ ರಸ್ತೆಯವರೂ ಪ್ರಾಟೆಸ್ಟೆಂಟರ ಶ್ಯಾಂಕಿಲ್ ರಸ್ತೆಯವರೂ ತಮ್ಮ ತಮ್ಮ ಟ್ಯಾಕ್ಸಿಗಳನ್ನು ಓಡಿಸತೊಡಗಿದರು, ನಮ್ಮ ಹಳ್ಳಿಗಳ ಕಡೆಯ ಟೆಂಪೊಗಳಂತೆ ಜನ ತುಂಬಿಸಿಕೊಂಡು. ಈಗ ಅಂಥ ಟ್ಯಾಕ್ಸಿಗಳೇ ಪ್ರವಾಸಿಗರಿಗೆ ಗೋಡೆ ತೋರಿಸುತ್ತವೆ. ಗೋಡೆಯ ಹೆಸರು 'ಪೀಸ್ ವಾಲ್', ಅಂದರೆ ಶಾಂತಿ ಗೋಡೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ಕಬ್ಬಿಣದ ತಗಡು, ಅದರ ಮೇಲೆ ತಂತಿಬಲೆ. ಕಲ್ಲು ಎಸೆಯುವವರ ತೋಳಿನ ಬಲ ಹೆಚ್ಚಿದಂತೆಲ್ಲ ಗೋಡೆಯೂ ಪದರ ಪದರವಾಗಿ ಬೆಳೆದಿದೆ. 1969ರಲ್ಲಿ ಸೈನಿಕರು ಮೊದಲ ಮುಳ್ಳುತಂತಿ ಎಳೆದಾಗ ಇದು ತೀರ ತಾತ್ಕಾಲಿಕ ಎಂದಿದ್ದರು. ತಾತ್ಕಾಲಿಕ ಎಂಬುದರ ಆಯುಷ್ಯ ಎಷ್ಟೆಂದು ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2023ರೊಳಗೆ ಎಲ್ಲ ಗೋಡೆಗಳನ್ನೂ ತೆಗೆಯುತ್ತೇವೆಂದು ಅಲ್ಲಿನ ಸರ್ಕಾರ 2013ರಲ್ಲಿ ಮಾತು ಕೊಟ್ಟಿತ್ತು. ನಾನು ನೋಡಿದ್ದು 2024ರಲ್ಲಿ, ಗೋಡೆ ಇತ್ತು. ಲನಾರ್ಕ್ ವೇ ಎಂಬ ರಸ್ತೆಯಲ್ಲಿ ಗೋಡೆಗೆ ದೊಡ್ಡ ಗೇಟು. ಹಗಲು ತೆರೆದಿರುತ್ತದೆ, ರಾತ್ರಿ ಮುಚ್ಚುತ್ತಾರೆ.

ಗೋಡೆಯ ಕ್ಯಾಥೊಲಿಕ್ ಬದಿಯಲ್ಲಿ ಬಾಂಬೆ ಸ್ಟ್ರೀಟ್ ಎಂಬ ಬೀದಿ ಇದೆ. ಪಕ್ಕದಲ್ಲೇ ಕಾಶ್ಮೀರ್ ರೋಡ್. ಬ್ರಿಟಿಷ್ ಸಾಮ್ರಾಜ್ಯ ಭಾರತದಲ್ಲಿದ್ದಾಗಿನ ನೆನಪಿಗೆ ಇಟ್ಟ ಹೆಸರುಗಳು. ನಮ್ಮ ಹೆಸರು ಹೊತ್ತ ಆ ಬೀದಿಯ ಮನೆಗಳನ್ನು ಎದುರು ಕಡೆಯವರು ಸುಟ್ಟದ್ದು 1969ರ ಆಗಸ್ಟ್ 15ರ ರಾತ್ರಿ. ಆ ದಿನ ನಮ್ಮ ಶಾಲೆಗಳಲ್ಲಿ ಮಕ್ಕಳು ಸ್ವಾತಂತ್ರ್ಯೋತ್ಸವದ ಸಿಹಿ ತಿಂದು ಮನೆಗೆ ಹೋಗಿದ್ದಿರಬೇಕು. ಮರುನಿರ್ಮಿಸಿದ ಮನೆಗಳ ಹಿತ್ತಿಲಿಗೆ ಇಂದಿಗೂ ಕಬ್ಬಿಣದ ಪಂಜರ ಹಾಕಿದ್ದಾರೆ. ಪಂಜರದೊಳಗೆ ಮಗುವಿನ ಮೂರು ಗಾಲಿಯ ಸೈಕಲ್ ನಿಂತಿತ್ತು.

ಫಾಲ್ಸ್ ರಸ್ತೆಯ ನಗರ ಸ್ಮಶಾನವನ್ನೂ ನೋಡಿದೆ. 1869ರಲ್ಲಿ ಆರಂಭವಾದದ್ದು. ಅಲ್ಲಿ ನೆಲದ ಮೇಲೆ ಏನೂ ಕಾಣುವುದಿಲ್ಲ. ನೆಲದೊಳಗೆ ಒಂಬತ್ತು ಅಡಿ ಆಳದ ಗೋಡೆ ಕಟ್ಟಿದ್ದಾರೆ, ಸತ್ತ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಮಣ್ಣಿನಲ್ಲಿ ಬೆರೆಯದಿರಲೆಂದು. ಕೊನೆಗೆ ಕ್ಯಾಥೊಲಿಕರು ಬೇರೆಯೇ ಸ್ಮಶಾನಕ್ಕೆ ಹೋದರು. ಗೋಡೆ ಮಾತ್ರ ಉಳಿದಿದೆ.

ಇದನ್ನೆಲ್ಲ ಕಂಡವರಿಗೆ ಇದು ಧರ್ಮದ ಜಗಳವೆಂದು ತೋರುವುದು ಸಹಜ. ಆದರೆ ಜಗಳದ ತಿರುಳು ಬೈಬಲ್ಲಿನಲ್ಲಿಲ್ಲ. ಈ ನೆಲ ಯಾವ ದೇಶಕ್ಕೆ ಸೇರಬೇಕು ಎಂಬುದೇ ಪ್ರಶ್ನೆ. 17ನೆಯ ಶತಮಾನದಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಂದ ಬಂದು ನೆಲೆಸಿದ ಪ್ರಾಟೆಸ್ಟೆಂಟರ ವಂಶದವರು ಬ್ರಿಟನ್ನಿನೊಡನೆ ಇರಬಯಸುತ್ತಾರೆ, ಅವರು ಯೂನಿಯನಿಸ್ಟರು. ಮೂಲನಿವಾಸಿ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರ್ಲೆಂಡ್ ಒಂದಾಗಬೇಕೆನ್ನುವವರು; ಅವರು ನ್ಯಾಷನಲಿಸ್ಟರು. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಯಿತು. ಈಶಾನ್ಯದ ಆರು ಕೌಂಟಿಗಳು, ನಮ್ಮ ಬೆಳಗಾವಿ ಜಿಲ್ಲೆಗಿಂತ ತುಸು ದೊಡ್ಡದಾದಷ್ಟು ನೆಲ, ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಬಳಿ ಉಳಿದವು.

ವಿದ್ಯಾರ್ಥಿ ಮಿತ್ರರಿಗೆ ಒಂದು ಉದಾಹರಣೆ ಹೇಳುತ್ತೇನೆ. ತರಗತಿಯಲ್ಲಿ 60 ಮಕ್ಕಳಿದ್ದಾರೆ. 40 ಮಂದಿ ಮೇಲಿನ ಕೇರಿಯವರು, 20 ಮಂದಿ ಕೆಳಗಿನ ಕೇರಿಯವರು. ಮಾನಿಟರ್ ಚುನಾವಣೆ ನಡೆಯುತ್ತದೆ. ಪ್ರತಿಯೊಬ್ಬರೂ ತಮ್ಮ ಕೇರಿಯವರಿಗೇ ಮತ ಹಾಕುತ್ತಾರೆ. ಈ ವರ್ಷ, ಮುಂದಿನ ವರ್ಷ, ಹತ್ತು ವರ್ಷ ಕಳೆದರೂ ಫಲಿತಾಂಶ ಒಂದೇ. ಎಲ್ಲೂ ಮೋಸ ನಡೆದಿಲ್ಲ, ಎಲ್ಲವೂ ಬಹುಮತದ ಪ್ರಕಾರವೇ. ಆದರೆ ಆ ಇಪ್ಪತ್ತು ಮಕ್ಕಳಿಗೆ ಚುನಾವಣೆ ಎಂಬುದು ಬರೀ ತಲೆ ಎಣಿಸುವ ಶಾಸ್ತ್ರ. ಉತ್ತರ ಐರ್ಲೆಂಡಿನಲ್ಲಿ 1921ರಿಂದ 1972ರವರೆಗೆ ಹೀಗೆ ಒಂದೇ ಪಕ್ಷ ಆಳಿತು. ಸಾಲದ್ದಕ್ಕೆ ಅಲ್ಲಿ ಮೋಸವೂ ಇತ್ತು. ಡೆರಿ ನಗರದಲ್ಲಿ ಕ್ಯಾಥೊಲಿಕರೇ ಹೆಚ್ಚಾಗಿದ್ದರೂ ವಾರ್ಡುಗಳ ಗೆರೆಯನ್ನು ಅತ್ತಿತ್ತ ಎಳೆದು ನಗರಸಭೆಯನ್ನು ಯೂನಿಯನಿಸ್ಟರೇ ಇಟ್ಟುಕೊಂಡಿದ್ದರು. ಮನೆಯ ಯಜಮಾನಿಕೆ ಇದ್ದವರಿಗಷ್ಟೇ ಸ್ಥಳೀಯ ಚುನಾವಣೆಯಲ್ಲಿ ಮತ. ಸರ್ಕಾರಿ ಮನೆ ಯಾರಿಗೆ ಕೊಡಬೇಕೆಂಬುದು ಅದೇ ನಗರಸಭೆಯ ಕೈಯಲ್ಲಿ! 1968ರಲ್ಲಿ ಜನ ಇದರ ವಿರುದ್ಧ ಮೆರವಣಿಗೆ ಹೊರಟರು. ಲಾಠಿ ಬಂತು, ಮರುವರ್ಷ ಸೈನ್ಯ ಬಂತು. 1972ರ ಜನವರಿ 30ರಂದು ಡೆರಿಯಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಮಂದಿಯನ್ನು ಕೊಂದರು. ಗಾಯಗೊಂಡ ಇನ್ನೊಬ್ಬರು ಆಮೇಲೆ ಸತ್ತರು. ಎರಡೂ ಕಡೆ ಬಂದೂಕಿನ ಗುಂಪುಗಳು ಬೆಳೆದವು. ಮೂವತ್ತು ವರ್ಷಗಳಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಆ ಪುಟ್ಟ ನಾಡಿನಲ್ಲಿ ಇದು ಎಷ್ಟು ಮನೆಗಳ ಕಣ್ಣೀರೆಂದು ಲೆಕ್ಕ ಹಾಕಿ.

ಇಬ್ಬರೂ ಸೇರಿ ಆಳುವ ಸರ್ಕಾರವನ್ನು 1974ರಲ್ಲೇ ಒಮ್ಮೆ ಪ್ರಯತ್ನಿಸಿದ್ದರು. ಅದು ಐದು ತಿಂಗಳೂ ಬಾಳಲಿಲ್ಲ. ಮೇ 15ರಂದು ಪ್ರಾಟೆಸ್ಟೆಂಟ್ ಕಾರ್ಮಿಕರು ಮುಷ್ಕರ ಹೂಡಿದರು. ಮುಷ್ಕರದ ಬಲವೆಲ್ಲ ಇದ್ದದ್ದು ಬ್ಯಾಲಿಲಂಫರ್ಡ್ ವಿದ್ಯುತ್ ಕೇಂದ್ರದಲ್ಲಿ. ಅಲ್ಲಿನ ಕೆಲಸಗಾರರು ಉತ್ಪಾದನೆಯನ್ನು ಇಳಿಸುತ್ತ ಹೋದಂತೆ ಕಾರ್ಖಾನೆಗಳು ನಿಂತವು, ಮನೆಗಳು ಕತ್ತಲಾದವು, ಊರಿನ ಕೊಳಚೆ ನೀರೆತ್ತುವ ಪಂಪುಗಳೂ ನಿಂತಾವೆಂಬ ಭಯ ಹುಟ್ಟಿತು. ಮೇ 28ರಂದು ಸರ್ಕಾರ ಬಿತ್ತು. ಇಂಗ್ಲಿಷಿನಲ್ಲಿ ವಿದ್ಯುತ್ತಿಗೂ ಅಧಿಕಾರಕ್ಕೂ 'ಪವರ್' ಎಂಬ ಒಂದೇ ಪದ. ಎರಡೂ ಒಂದೇ ಸ್ವಿಚ್ಚಿಗೆ ಸಿಕ್ಕಿಕೊಂಡದ್ದನ್ನು ಆ ನಾಡು ಕಣ್ಣಾರೆ ಕಂಡಿತು.

ಅಂದು ಬಿದ್ದುಹೋದದ್ದನ್ನೇ ಹೋಲುವ ವ್ಯವಸ್ಥೆ ಮತ್ತೆ ಬಂದದ್ದು 1998ರ ಏಪ್ರಿಲ್ 10ರ ಒಪ್ಪಂದದಲ್ಲಿ. ಅದು ಗುಡ್‌ಫ್ರೈಡೆಯ ದಿನ. ಜನಮತಗಣನೆಯಲ್ಲಿ ಉತ್ತರ ಐರ್ಲೆಂಡಿನ ನೂರಕ್ಕೆ 71 ಮಂದಿ ಒಪ್ಪಿದರು. ಒಪ್ಪಂದಕ್ಕಾಗಿ ಜಾನ್ ಹ್ಯೂಮ್ ಮತ್ತು ಡೇವಿಡ್ ಟ್ರಿಂಬಲ್ ಅವರಿಗೆ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಹ್ಯೂಮ್ ಮೊದಲು ಶಾಲಾ ಮೇಷ್ಟರಾಗಿದ್ದವರು ಎಂಬುದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅವರ ಪಕ್ಷದ ಷೇಮಸ್ ಮ್ಯಾಲನ್ ಕೂಡ ಹೆಡ್‌ಮಾಸ್ತರರಾಗಿದ್ದವರೇ. 1998ರದು ನಿಧಾನವಾಗಿ ಕಲಿಯುವವರಿಗಾಗಿ ಮಾಡಿದ ಹಳೆಯ ಪಾಠ ಎಂದು ಮ್ಯಾಲನ್ ಹೇಳಿದ ಮಾತು ಪ್ರಸಿದ್ಧ. ನಡುವಿನ 24 ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದರು.

ಆ ಸರ್ಕಾರ ಕೂರುವ ಜಾಗ ಸ್ಟಾರ್ಮಾಂಟ್, ಊರಿನ ಪೂರ್ವದ ಗುಡ್ಡದ ಮೇಲಿದೆ. 1932ರ ಬಿಳಿ ಕಟ್ಟಡ, ಎದುರಿಗೆ ಸುಮಾರು ಒಂದು ಮೈಲಿ ಉದ್ದದ ನೇರ ರಸ್ತೆ, ಎರಡೂ ಕಡೆ ಮರಗಳು. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದೆ. ಆ ಏರಿನಲ್ಲಿ ನನ್ನ ವಯಸ್ಸು ನೆನಪಾಯಿತು.

ಇಲ್ಲಿನ ಏರ್ಪಾಡು ಹೀಗಿದೆ. ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಎಂದು ಇಬ್ಬರು, ಒಬ್ಬೊಬ್ಬರು ಒಂದೊಂದು ಕಡೆಯವರು. ಹೆಸರಿನಲ್ಲಿ ಮೇಲು ಕೀಳು ಇದ್ದರೂ ಅಧಿಕಾರ ಸಮ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಕುರ್ಚಿಯೂ ಹೋಗುತ್ತದೆ. ಖಾತೆ ಹಂಚಿಕೆಗೆ ವಿಕ್ಟರ್ ಡಿ'ಹಾಂಟ್ ಎಂಬ ಬೆಲ್ಜಿಯಂ ವಿದ್ವಾಂಸರ ಭಾಗಾಕಾರದ ವಿಧಾನವನ್ನು ಬಳಸುತ್ತಾರೆ. ಮೂರು ಪಕ್ಷಗಳಿಗೆ 30, 20, 12 ಸ್ಥಾನಗಳಿವೆ ಎನ್ನಿ. ಮೊದಲ ಖಾತೆ 30ರ ಪಕ್ಷಕ್ಕೆ. ಒಂದು ಸಿಕ್ಕಿತಲ್ಲ, ಈಗ ಅದರ ಸಂಖ್ಯೆಯನ್ನು ಎರಡರಿಂದ ಭಾಗಿಸಿ: 15. ಎರಡನೆಯ ಖಾತೆ 20ರ ಪಕ್ಷಕ್ಕೆ, ಅದು 10 ಆಗುತ್ತದೆ. ಮೂರನೆಯದು ಮತ್ತೆ 15 ಇರುವವರಿಗೆ, ಈಗ 30ನ್ನು ಮೂರರಿಂದ ಭಾಗಿಸಬೇಕು. ನಾಲ್ಕನೆಯದು 12ರ ಸಣ್ಣ ಪಕ್ಷಕ್ಕೆ. ರೆಸಾರ್ಟ್ ಬೇಕಿಲ್ಲ, ದೆಹಲಿಗೆ ಓಡಬೇಕಿಲ್ಲ, ಏಳನೆಯ ತರಗತಿಯ ಹುಡುಗ ಹಂಚಿಕೊಡಬಲ್ಲ. ನ್ಯಾಯ ಖಾತೆಯೊಂದು ಮಾತ್ರ ಇದರ ಹೊರಗೆ. ಪೊಲೀಸರ ವಿಷಯ ಅಷ್ಟು ಸೂಕ್ಷ್ಮ, ಅದಕ್ಕೆ ಎರಡೂ ಕಡೆಯವರು ಒಪ್ಪಿದವರನ್ನೇ ಆರಿಸುತ್ತಾರೆ.

ಇಷ್ಟು ಕೇಳಿ ನನಗೆ ಬಹಳ ಮೆಚ್ಚಿಗೆಯಾಯಿತು. ಆದರೆ ಮುಂದಿನ ವಿಷಯ ಅಷ್ಟು ಹಿಡಿಸಲಿಲ್ಲ. ಶಾಸನಸಭೆಗೆ ಆರಿಸಿ ಬಂದ ಪ್ರತಿಯೊಬ್ಬ ಸದಸ್ಯನೂ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವಾಗ ತಾನು ಯೂನಿಯನಿಸ್ಟೋ, ನ್ಯಾಷನಲಿಸ್ಟೋ, 'ಇತರ'ನೋ ಎಂದು ನಮೂದಿಸಬೇಕು. ಮುಖ್ಯವಾದ ತೀರ್ಮಾನಗಳಿಗೆ ಒಟ್ಟು ಬಹುಮತ ಸಾಲದು. ಯೂನಿಯನಿಸ್ಟರಲ್ಲೂ ನ್ಯಾಷನಲಿಸ್ಟರಲ್ಲೂ ಬೇರೆ ಬೇರೆಯಾಗಿ ಇಷ್ಟು ಭಾಗ ಒಪ್ಪಿಗೆ ಬೇಕು. ಒಬ್ಬರನ್ನೊಬ್ಬರು ತುಳಿಯದಿರಲೆಂಬ ಕಾವಲು ಇದು, ಸರಿ. ಆದರೆ 'ಇತರ' ಎಂದು ಬರೆದವನ ಮತ? ಅದು ಒಟ್ಟು ಲೆಕ್ಕಕ್ಕೆ ಮಾತ್ರ ಸೇರುತ್ತದೆ. ಎರಡನೆಯ ಎಣಿಕೆಯಲ್ಲಿ ಅವನಿಲ್ಲ. ಲಿಟ್ಮಸ್ ಕಾಗದ ಕೆಂಪಾಗಬೇಕು, ಇಲ್ಲವೇ ನೀಲಿಯಾಗಬೇಕು. ತಟಸ್ಥ ದ್ರಾವಣ ಲೆಕ್ಕಕ್ಕಿಲ್ಲ ಎಂದಂತೆ.

2001ರ ನವೆಂಬರಿನಲ್ಲಿ ಇದರ ವಿಚಿತ್ರ ರೂಪ ಕಾಣಿಸಿತು. ಟ್ರಿಂಬಲ್ ಮತ್ತೆ ಫಸ್ಟ್ ಮಿನಿಸ್ಟರ್ ಆಗಲು ಯೂನಿಯನಿಸ್ಟರ ಮತಗಳು ಕಡಿಮೆ ಬಿದ್ದವು. ಎರಡೂ ಕಡೆಗೆ ಸೇರದ ಅಲಯನ್ಸ್ ಪಕ್ಷದ ಮೂವರು ಸದಸ್ಯರು ಸರ್ಕಾರ ಉಳಿಯಲೆಂದು ತಮ್ಮನ್ನು 'ಯೂನಿಯನಿಸ್ಟ್' ಎಂದು ಬರೆಸಿಕೊಂಡು ಮತ ಹಾಕಿದರು. ತಾನು ಏನಲ್ಲವೋ ಅದೆಂದು ಬರೆದರೆ ಮಾತ್ರ ಮತಕ್ಕೆ ಬೆಲೆ! ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿ ಕಾಲಂ ತುಂಬುವಾಗ ಪೆನ್ನು ಹಿಡಿದು ಕಾದ ನನ್ನಂಥವರಿಗೆ ಇದು ಅರ್ಥವಾಗದ ವಿಷಯವಲ್ಲ. ಕಾಲಂ ಇಲ್ಲದಿದ್ದರೆ ಅನ್ಯಾಯಕ್ಕೆ ಒಳಗಾದವರನ್ನು ಗುರುತಿಸುವುದು ಹೇಗೆ? ಕಾಲಂ ಇದ್ದರೆ ಮಗು ಅದರಿಂದ ಹೊರಬರುವುದು ಯಾವಾಗ? ಅಲ್ಲಿ ಹೊಸ ಪೊಲೀಸ್ ಪಡೆಗೆ 2001ರಿಂದ 2011ರವರೆಗೆ ಕ್ಯಾಥೊಲಿಕರು ಅರ್ಧ, ಉಳಿದವರು ಅರ್ಧ ಎಂದು ನೇಮಕ ಮಾಡಿದರು. ಹಳೆಯ ಪಡೆಯಲ್ಲಿ ಕ್ಯಾಥೊಲಿಕರು ನೂರಕ್ಕೆ ಸುಮಾರು ಎಂಟು ಮಂದಿ ಮಾತ್ರ ಇದ್ದರು. ಕಾಲಂ ಇಲ್ಲದೆ ಅದನ್ನು ಸರಿಪಡಿಸುವ ದಾರಿ ನನಗಂತೂ ತೋಚದು.

ನನ್ನ ಅಳಿಯನೂ ಕೆಲಸಕ್ಕೆ ಸೇರಿದಾಗ ಒಂದು ಹಾಳೆ ತುಂಬಬೇಕಾಯಿತಂತೆ: ಪ್ರಾಟೆಸ್ಟೆಂಟ್ ಹಿನ್ನೆಲೆಯೋ, ಕ್ಯಾಥೊಲಿಕ್ ಹಿನ್ನೆಲೆಯೋ, ಎರಡೂ ಅಲ್ಲವೋ. ಹಿಂದೂ ಎಂದವನನ್ನು "ಸರಿ, ಪ್ರಾಟೆಸ್ಟೆಂಟ್ ಹಿಂದೂವೋ ಕ್ಯಾಥೊಲಿಕ್ ಹಿಂದೂವೋ?" ಎಂದು ಕೇಳುವ ಹಳೆಯ ನಗೆಹನಿ ಅಲ್ಲಿನ ಭಾರತೀಯರಲ್ಲಿ ಓಡಾಡುತ್ತಿದೆ.

ಈ ಸರ್ಕಾರ ಪದೇ ಪದೇ ನಿಂತುಹೋದದ್ದನ್ನೂ ಹೇಳಬೇಕು. 2002ರಿಂದ 2007ರವರೆಗೆ ಇರಲಿಲ್ಲ. 2017ರ ಜನವರಿಯಲ್ಲಿ ಬಿದ್ದದ್ದಕ್ಕೆ ಕಾರಣ ಬಾಯ್ಲರ್. ಮರದ ಉಂಡೆಯಿಂದ ಉರಿಯುವ ಬಾಯ್ಲರಿಗೆ ಸರ್ಕಾರ ಕೊಡುತ್ತಿದ್ದ ಸಹಾಯಧನ ಸೌದೆಯ ಬೆಲೆಗಿಂತ ಹೆಚ್ಚಾಗಿತ್ತು, ಅದಕ್ಕೆ ಮಿತಿಯೂ ಇರಲಿಲ್ಲ. ಹೆಚ್ಚು ಉರಿಸಿದಷ್ಟೂ ಹೆಚ್ಚು ಲಾಭ. ಶಕ್ತಿ ಉಳಿತಾಯದ ಪಾಠ ಮಾಡುವ ನಾನು ಇದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಆ ಹಗರಣದಲ್ಲಿ ಡೆಪ್ಯುಟಿ ಫಸ್ಟ್ ಮಿನಿಸ್ಟರ್ ಮಾರ್ಟಿನ್ ಮ್ಯಾಕ್‌ಗಿನೆಸ್ ರಾಜೀನಾಮೆ ಕೊಟ್ಟರು, ಎರಡೂ ಕುರ್ಚಿ ಖಾಲಿಯಾದವು, ಮೂರು ವರ್ಷ ಮಂತ್ರಿಗಳೇ ಇರಲಿಲ್ಲ. 2019ರ ಡಿಸೆಂಬರಿನಲ್ಲಿ ನರ್ಸುಗಳು ಬೀದಿಗಿಳಿದ ಮೇಲೆ 2020ರ ಜನವರಿಯಲ್ಲಿ ಎಚ್ಚೆತ್ತರು. 2022ರಲ್ಲಿ ಮತ್ತೆ ನಿಂತು 2024ರ ಫೆಬ್ರವರಿ 3ರಂದು ಪುನಃ ಆರಂಭವಾಯಿತು. ಅಂದು ಮಿಷೆಲ್ ಓ'ನೀಲ್ ಫಸ್ಟ್ ಮಿನಿಸ್ಟರ್ ಆದ ಮೊದಲ ನ್ಯಾಷನಲಿಸ್ಟ್. ಅವರ ಜೊತೆಗಾರ್ತಿ ಯೂನಿಯನಿಸ್ಟ್ ಪಕ್ಷದ ಎಮ್ಮಾ ಲಿಟಲ್-ಪೆಂಗೆಲಿ. ಕ್ಯಾಥೊಲಿಕರು ಎಂದೆಂದಿಗೂ ಕಡಿಮೆ ಇರಲೆಂದು ಎಳೆದ ಗಡಿಯೊಳಗೆ 2021ರ ಜನಗಣತಿಯ ಲೆಕ್ಕ ಹೀಗಿದೆ: ಕ್ಯಾಥೊಲಿಕ್ ಹಿನ್ನೆಲೆಯವರು ಶೇ. 45.7, ಪ್ರಾಟೆಸ್ಟೆಂಟ್ ಮತ್ತಿತರ ಕ್ರೈಸ್ತ ಹಿನ್ನೆಲೆಯವರು ಶೇ. 43.5. ಈಗ ಯಾರೂ ಬಹುಸಂಖ್ಯಾತರಲ್ಲ. ಉಳಿದವರು ಯಾವುದಕ್ಕೂ ಸೇರದವರು, ಜೊತೆಗೆ ನನ್ನ ಮಗಳ ಮನೆಯಂಥ ಸಂಸಾರಗಳು.

ಇಷ್ಟೆಲ್ಲ ಕೊರತೆ ಇದ್ದರೂ ನಾನು ಈ ವ್ಯವಸ್ಥೆಯನ್ನು ಹಳಿಯಲಾರೆ. ವಾರಕ್ಕೆ ನಾಲ್ಕು ಶವ ಬೀಳುತ್ತಿದ್ದ ವರ್ಷಗಳನ್ನು ಕಂಡ ಊರಿನಲ್ಲಿ ರಾತ್ರಿ ಒಂಬತ್ತರ ಬೆಳಕಿನಲ್ಲಿ ನನ್ನ ಮನೆಯವರು ಒಬ್ಬರೇ ಅಂಗಡಿಗೆ ಹೋಗಿ ಹಾಲು ತರುತ್ತಿದ್ದರು. ನನ್ನ ತಕರಾರು ಶಾಲೆಗಳದ್ದು. ಬಂದೂಕು ಕೆಳಗಿಳಿದು ಕಾಲು ಶತಮಾನ ಕಳೆದರೂ ಅಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳು ತಮ್ಮ ಕಡೆಯ ಮಕ್ಕಳೇ ಹೆಚ್ಚಾಗಿರುವ ಶಾಲೆಗಳಲ್ಲಿ ಓದುತ್ತಾರೆ. ಮೇಷ್ಟರುಗಳನ್ನು ತಯಾರಿಸುವ ಕಾಲೇಜುಗಳೂ ಬೆಲ್‌ಫಾಸ್ಟಿನಲ್ಲಿ ಎರಡು: ಸೇಂಟ್ ಮೇರೀಸ್ ಕ್ಯಾಥೊಲಿಕರದು, ಸ್ಟ್ರಾನ್‌ಮಿಲಿಸ್ ಬಹುಮಟ್ಟಿಗೆ ಪ್ರಾಟೆಸ್ಟೆಂಟರದು. ಬಿ.ಎಡ್. ಮಾಡಿದ ನನಗೆ ಇದು ತುಂಬಾ ಚುಚ್ಚಿತು. ಹೊರಗಿನ ಗೋಡೆಗೆ ರಾತ್ರಿ ಮಾತ್ರ ಬೀಗ. ಈ ಗೋಡೆಗೆ ಹಗಲೂ ಬೀಗ.

ಇದನ್ನು ಮೊದಲು ಸಡಿಲಿಸಿದವರು ಮಂತ್ರಿಗಳಲ್ಲ, ತಂದೆತಾಯಿಗಳು. ಗಲಭೆ ಉತ್ತುಂಗದಲ್ಲಿದ್ದ 1981ರಲ್ಲಿ, ಉಪವಾಸ ಸತ್ಯಾಗ್ರಹದಲ್ಲಿ ಕೈದಿಗಳು ಒಬ್ಬೊಬ್ಬರಾಗಿ ಸಾಯುತ್ತಿದ್ದ ಅದೇ ವರ್ಷ, ಎರಡೂ ಕಡೆಯ ಕೆಲವು ಪೋಷಕರು ಸೇರಿ ಲಗಾನ್ ಕಾಲೇಜ್ ಎಂಬ ಶಾಲೆ ತೆರೆದರು. ಸ್ಕೌಟುಗಳ ಒಂದು ಕಟ್ಟಡದಲ್ಲಿ 28 ಮಕ್ಕಳು. ಈಗ ಅಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಇಂಥ ಶಾಲೆಗಳು ಹೆಚ್ಚಿವೆ, ಆದರೂ ಒಟ್ಟು ಮಕ್ಕಳಲ್ಲಿ ನೂರಕ್ಕೆ ಏಳೆಂಟು ಮಂದಿಗಷ್ಟೇ ಅವು ಸಿಗುತ್ತವೆ. ಪೋಷಕರು ಮತ ಹಾಕಿ ತಮ್ಮ ಶಾಲೆಯನ್ನು ಮಿಶ್ರ ಶಾಲೆಯಾಗಿ ಬದಲಿಸುವಂತೆ ಕೇಳಲು ಕಾನೂನಿನಲ್ಲಿ ಅವಕಾಶವಿದೆ. ಬ್ಯಾಂಗರ್ ಎಂಬ ಊರಿನ ಒಂದು ದೊಡ್ಡ ಪ್ರೌಢಶಾಲೆಯ ಪೋಷಕರು ಹಾಗೆಯೇ ಮಾಡಿದರು, ಮತ ಹಾಕಿದವರಲ್ಲಿ ಬಹುಪಾಲು ಒಪ್ಪಿದರು. 2025ರ ಜನವರಿಯಲ್ಲಿ ಶಿಕ್ಷಣ ಸಚಿವರು ಅದನ್ನು ತಿರಸ್ಕರಿಸಿದರು. ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ತೀರ ಕಡಿಮೆ, ಸಾಕಷ್ಟು ಹೆಚ್ಚುವ ಸಂಭವವೂ ಕಾಣದು ಎಂಬುದು ಅವರ ಕಾರಣ. ಬೆರೆಯಬೇಕಾದರೂ ಮೊದಲು ಕಾಲಂ ತುಂಬಿಸಿ ಎಣಿಸಿಕೊಳ್ಳಬೇಕು, ನೋಡಿ.

ಬೊಟಾನಿಕ್ ಉದ್ಯಾನದ ಬಾಗಿಲಲ್ಲಿ ಲಾರ್ಡ್ ಕೆಲ್ವಿನ್ನರ ಪ್ರತಿಮೆ ಇದೆ. ಅವರು 1824ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ಪಾಠದಲ್ಲಿ ಪ್ರತಿವರ್ಷ ಬರುವ ಹೆಸರು, ಕೈಮುಗಿದೆ. ನಿರಪೇಕ್ಷ ಸೊನ್ನೆ ಎರಡೂ ಕಡೆಯವರಿಗೆ ಒಂದೇ ಎಂದು ಮಗಳಿಗೆ ಹೇಳಿದೆ. ಐರ್ಲೆಂಡಿಗೆ ಸ್ವಾಡಳಿತ ಕೊಡುವುದನ್ನು ಕೆಲ್ವಿನ್ ವಿರೋಧಿಸಿದ್ದರು ಎಂದು ಅವಳು ನೆನಪಿಸಿದಳು. ಅವರೂ ಒಂದು ಕಡೆಯವರೇ.

ನಾವು ಅಲ್ಲಿರುವಾಗಲೇ ಶಾಲೆಯ ಉತ್ತರ ಬಂತು. ಮೊದಲ ಆಯ್ಕೆಯಾಗಿ ಬರೆದಿದ್ದ ಮಿಶ್ರ ಶಾಲೆಯಲ್ಲಿ ಸ್ಥಳ ತುಂಬಿತ್ತು. ಎರಡನೆಯ ಆಯ್ಕೆ, ರಸ್ತೆಯಾಚೆಯ ಕ್ಯಾಥೊಲಿಕ್ ಶಾಲೆಯಲ್ಲಿ ಸಿಕ್ಕಿತು. ಒಳ್ಳೆಯ ಶಾಲೆ, ಶಿಕ್ಷಕಿಯರು ಪ್ರೀತಿಯವರು, ಅದರಲ್ಲಿ ಎರಡು ಮಾತಿಲ್ಲ. ಸಮವಸ್ತ್ರದ ಅಂಗಡಿಯಲ್ಲಿ ಸ್ವೆಟರ್ ಅಳತೆ ನೋಡುವಾಗ, ಆ ಬಣ್ಣ ತೊಟ್ಟರೆ ಬಸ್ಸಿನಲ್ಲಿ ಕೂತವರಿಗೆಲ್ಲ ಮಗು ಯಾವ ಕಡೆಯದೆಂದು ಗೊತ್ತಾಗುತ್ತದೆ ಎಂದು ಮಗಳು ಮೆಲ್ಲಗೆ ಹೇಳಿದಳು. ಮೊಮ್ಮಗಳಿಗೆ ಅದರ ಗುಂಡಿಗಳು ಬಹಳ ಹಿಡಿಸಿದ್ದವು.

ಮಿಶ್ರ ಶಾಲೆಯ ಕಾಯುವ ಪಟ್ಟಿಯಲ್ಲಿ ಅವಳ ಹೆಸರನ್ನು ಇನ್ನೂ ಉಳಿಸಿದ್ದಾರೆ. ಈಗ ಹನ್ನೊಂದನೆಯವಳು ಎಂದು ಕಳೆದ ವಾರ ಮಗಳು ಫೋನಿನಲ್ಲಿ ಹೇಳಿದಳು.